ಮೇಲೆ ಯಾರಿದ್ದರೆ ಮಗಳಿಗೇನು?

ದಾವಣಗೆರೆಯ ಓದುಗರೊಬ್ಬರ ಪತ್ರ ಬಂದಿದೆ. ಮಗಳು ಬೆಂಗಳೂರಿನ ದೊಡ್ಡ ಟೆಕ್ ಕಂಪನಿಯಲ್ಲಿದ್ದಾಳೆ. ಕಂಪನಿಯ ಮುಖ್ಯಸ್ಥರಾದ ಸಿಇಒ ಬಿಟ್ಟುಹೋಗಿದ್ದಾರೆ, ಹೊಸಬರು ಯಾರೆಂದು ಗೊತ್ತಿಲ್ಲ. ಕೆಲಸದ ಮಾತೆತ್ತಿದರೆ ಮಗಳ ಮುಖ ಸಪ್ಪಗಾಗುತ್ತದೆ. "ಸಂಬಳ ಬರ್ತಾ ಇದೆಯಲ್ಲ, ಮೇಲೆ ಯಾರಿದ್ದರೆ ಇವಳಿಗೇನು?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಗಳ ಬೇಸರಕ್ಕೆ ಕಾರಣ ಇದೆ ಸಾರ್. ಯಾಹೂ ಕಂಪನಿಯನ್ನೇ ನೋಡಿ. 2007ರ ಜೂನ್‌ನಿಂದ 2012ರ ಜುಲೈವರೆಗಿನ ಐದು ವರ್ಷಗಳಲ್ಲಿ ಆರು ಮಂದಿ ಅಲ್ಲಿ ಸಿಇಒ ಕುರ್ಚಿಗೆ ಬಂದರು. ಅವರಲ್ಲಿ ಇಬ್ಬರು ತಾತ್ಕಾಲಿಕ. ಅವರಲ್ಲೊಬ್ಬರಾದ ಕ್ಯಾರಲ್ ಬಾರ್ಟ್ಜ್ ಅವರನ್ನು ಆಡಳಿತ ಮಂಡಳಿ 2011ರಲ್ಲಿ ಫೋನ್‌ನಲ್ಲೇ ತೆಗೆದುಹಾಕಿತು. ಆ ವಿಷಯವನ್ನು ಅವರೇ ನೌಕರರಿಗೆ ಇಮೇಲ್ ಮಾಡಿ ತಿಳಿಸಿದರು. ನಂತರ ಬಂದ ಸ್ಕಾಟ್ ಥಾಮ್ಸನ್ 2,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಘೋಷಿಸಿದರು. ತಿಂಗಳೊಪ್ಪತ್ತಿನಲ್ಲಿ, ತಮಗಿಲ್ಲದ ಕಂಪ್ಯೂಟರ್ ಸೈನ್ಸ್ ಪದವಿ ಇದೆ ಎಂದು ತೋರಿಸಿಕೊಂಡ ವಿವಾದದಲ್ಲಿ ಅವರೇ ಹೊರಟರು. ಒಳಗಿದ್ದವರಿಗೆ ಹೇಗಾಗಿರಬೇಡ?

ಪ್ರತಿ ಹೊಸ ಸಿಇಒ ಜೊತೆಗೆ ಹೊಸ ಯೋಜನೆ ಬರುತ್ತದೆ, ಹಳೆಯದು ನಿಲ್ಲುತ್ತದೆ. ಎರಡು ವರ್ಷ ಬೇಕಾಗುವ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ನೌಕರರ ಹುಮ್ಮಸ್ಸು ಕುಂದುವುದು ಅಲ್ಲೇ ಅಂತ ನನ್ನ ನಂಬಿಕೆ. ಬರುವವರ ಹೆಸರಿಗಿಂತ, ತಾನು ಮಾಡಿದ್ದು ಉಳಿಯುತ್ತದಾ ಅನ್ನೋ ಚಿಂತೆಯೇ ಜಾಸ್ತಿ ಕಾಡುತ್ತದೆ.

ಆ ಆರು ಮಂದಿಯಲ್ಲಿ ಕೊನೆಯವರಾಗಿ 2012ರಲ್ಲಿ ಮರಿಸ್ಸಾ ಮೇಯರ್ ಬಂದಾಗ ಊಟ ಉಚಿತವಾಯಿತು, ಶುಕ್ರವಾರಗಳಂದು ನೌಕರರ ಪ್ರಶ್ನೆಗಳಿಗೆ ಅವರೇ ಉತ್ತರಿಸತೊಡಗಿದರು. ಜನ ಸ್ವಲ್ಪ ಚಿಗುರಿಕೊಂಡರು. ಆದರೆ 2013ರಲ್ಲಿ ಮನೆಯಿಂದ ಕೆಲಸ ಮಾಡುವುದಕ್ಕೆ ತಡೆ ಬಿತ್ತು. ಮೂರು ತಿಂಗಳಿಗೊಮ್ಮೆ ಅಂಕ ಕೊಡುವ ಪದ್ಧತಿಯಲ್ಲಿ, ತಂಡದ ಕೆಲವರಿಗೆ ಕಡಿಮೆ ಅಂಕ ಕೊಡಲೇಬೇಕು ಎಂಬ ಒತ್ತಡವಿದೆ ಎಂದು ನೌಕರರು ದೂರಿದರು. ಪಕ್ಕದವರ ಸೋಲು ನನ್ನ ಗೆಲುವಾದರೆ ತಂಡ ಎಲ್ಲಿ ಉಳಿಯುತ್ತದೆ? 2014ರಲ್ಲಿ ಉದ್ಯೋಗ ಕಡಿತದ ಬಿಸಿ ಬೆಂಗಳೂರಿನ ಕೇಂದ್ರಕ್ಕೂ ತಟ್ಟಿತು. 2017ರಲ್ಲಿ ಯಾಹೂವಿನ ಮುಖ್ಯ ವ್ಯವಹಾರ ಅಮೆರಿಕದ ದೂರಸಂಪರ್ಕ ಕಂಪನಿ ವೆರೈಜನ್ ಪಾಲಾಯಿತು.

ಹೀಗಿರುವಾಗ ಮೊದಲು ಹೊರಡುವವರು ಬೇರೆಡೆ ಸುಲಭವಾಗಿ ಕೆಲಸ ಸಿಗುವವರು. ಉಳಿದವರ ಮೇಲೆ ಅವರ ಕೆಲಸವೂ ಬೀಳುತ್ತದೆ. ನಿಮ್ಮ ಮಗಳು ಈಗ ಅದನ್ನೇ ಹೊರುತ್ತಿರಬಹುದು, ಅಲ್ವಾ?

ಹಾಗಾಗಿ ಸಂಬಳದ ಮಾತು ಹೇಳಿ ಅವಳ ಬಾಯಿ ಮುಚ್ಚಿಸಬೇಡಿ. ತಪ್ಪು, ಹೊಸ ಸಿಇಒ ಯಾರೆಂದು ಹೇಳದೆ ಕೂತ ಅವಳ ಕಂಪನಿಯ ಆಡಳಿತ ಮಂಡಳಿಯದು. ಮ್ಯಾನೇಜರ್ ಬಳಿ ಅವಳು ನೇರವಾಗಿ ಕೇಳಲಿ: ನನ್ನ ಪ್ರಾಜೆಕ್ಟ್‌ಗೆ ಮುಂದಿನ ವರ್ಷಕ್ಕೂ ದುಡ್ಡು ತೆಗೆದಿಟ್ಟಿದ್ದಾರಾ? ಹೌದು ಎಂದರೆ ಸ್ವಲ್ಪ ಕಾಯಬಹುದು. ಅವರಿಗೂ ಗೊತ್ತಿಲ್ಲದಿದ್ದರೆ ರೆಸ್ಯೂಮೆ ಸಿದ್ಧ ಮಾಡಿಕೊಳ್ಳಲಿ. ಅದು ಕಂಪನಿಗೆ ಬಗೆಯುವ ದ್ರೋಹವೇನೂ ಅಲ್ಲ ಎಂದು ನೀವೇ ಹೇಳಿದರೆ ಅವಳಿಗೆ ಎಷ್ಟೋ ಧೈರ್ಯ ಬರುತ್ತದೆ.