ಅಮೆರಿಕಕ್ಕೆ ಹೋಗುವಾಗ ಮನೆಯ ಟಿವಿ ಒಯ್ಯಬೇಕಾ?

ಅಕ್ಕ, ಒಯ್ಯಬೇಡಿ. ಹೋದ ವರ್ಷವಷ್ಟೇ ತಗೊಂಡ 43 ಇಂಚಿನ ಟಿವಿ, ಡಲ್ಲಾಸ್‌ಗೆ ಹೋಗುವಾಗ ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ ಅಂತ ಬರೆದಿದ್ದೀರಿ. ನಾನು ವಿಜಯಪುರದ ಗಾಂಧಿ ಚೌಕದ ಹತ್ತಿರ ಟಿವಿ ರಿಪೇರಿ ಮಾಡುವವನು. ಅಂಗಡಿಗೆ ಬಂದವರೂ ಇದನ್ನೇ ಕೇಳುತ್ತಾರೆ.

ಮೊದಲು ಟಿವಿಯ ಹಿಂದಿನ ಸ್ಟಿಕರ್ ನೋಡಿ. ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ಸ್ಟಿಕರ್ ಮೇಲೆ ‘100-240 ವೋಲ್ಟ್, 50/60 ಹರ್ಟ್ಸ್’ ಅಂತ ಇದ್ದರೆ ಪ್ಲಗ್ ಬದಲಿಸಿದರೆ ಸಾಕು. ‘220-240’ ಅಂತಷ್ಟೇ ಇದ್ದರೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದಿಲ್ಲದೆ ಹಚ್ಚಬೇಡಿ.

ಕರೆಂಟಿಗೆ ದಾರಿ ಇದೆ, ಚಾನೆಲ್‌ಗೆ ಇಲ್ಲ. ನಮ್ಮ ಕಡೆಯ ಟಿವಿಗಳ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಭಾಗ, ಡಿವಿಬಿ ಅಥವಾ ಹಳೆಯ ಪಾಲ್ ಎಂಬ ಪ್ರಸಾರ ಪದ್ಧತಿಗೆ ಮಾಡಿದ್ದು. ಅಮೆರಿಕದ್ದು ಎಟಿಎಸ್‌ಸಿ ಎಂಬ ಬೇರೆ ಪದ್ಧತಿ. ಅಲ್ಲಿ ಸ್ಥಳೀಯ ಚಾನೆಲ್‌ಗಳು ಆಂಟೆನಾಕ್ಕೆ ಪುಕ್ಕಟೆ ಬರುತ್ತವೆ, ಆದರೆ ನಿಮ್ಮ ಟಿವಿ ಅವನ್ನು ಹಿಡಿಯುವುದಿಲ್ಲ. ಟಿವಿ ಹಿಂದಿನ ಎಚ್‌ಡಿಎಂಐ ಕಿಂಡಿಗೆ ಇಂಟರ್ನೆಟ್ ಸ್ಟಿಕ್ ಅಥವಾ ಬಾಕ್ಸ್ ಚುಚ್ಚಿ ನೋಡಬಹುದು, ಅಷ್ಟೇ.

ಡಿಶ್ ಬಾಕ್ಸ್ ಒಯ್ದರೆ ಕನ್ನಡ ಚಾನೆಲ್ ಬರುತ್ತಾ ಅಂತಲೂ ಕೇಳಿದ್ದೀರಿ. ಬರುವುದಿಲ್ಲ. ಡಿಡಿ ಫ್ರೀ ಡಿಶ್‌ನದೇ ಲೆಕ್ಕ ಹೇಳುತ್ತೇನೆ. ಅದು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಆ ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಡಲ್ಲಾಸ್ ಇರುವುದು ಸುಮಾರು 97 ಡಿಗ್ರಿ ಪಶ್ಚಿಮದಲ್ಲಿ. ಅಂದರೆ ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು. ಡಿಶ್ ಯಾವ ಕಡೆ ತಿರುಗಿಸಿದರೂ ನಡುವೆ ಭೂಮಿಯೇ ಅಡ್ಡ ಬರುತ್ತದೆ. ಕನ್ನಡ ಕಾರ್ಯಕ್ರಮ ಬೇಕಂದರೆ ಅಲ್ಲಿ ಇಂಟರ್ನೆಟ್ಟೇ ದಾರಿ, ಅದಕ್ಕೆ ಅಲ್ಲಿನ ಟಿವಿಯೇ ಸಾಕು.

ಸಾಗಿಸುವುದು ಇನ್ನೂ ಕಷ್ಟ. ವಿಮಾನದಲ್ಲಿ ಸಾಮಾನ್ಯವಾಗಿ ಒಂದು ಲಗೇಜಿನ ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ದಾಟಬಾರದು. ನಿಮ್ಮ ಟಿವಿಯ ಉದ್ದವೇ ಸುಮಾರು 96 ಸೆಂ.ಮೀ. ಪೆಟ್ಟಿಗೆಗೆ ಹಾಕಿದ ಮೇಲೆ ಮಿತಿ ದಾಟೇ ದಾಟುತ್ತದೆ. ನಮ್ಮ ಗಿರಾಕಿಯೊಬ್ಬರು ಸೊಲ್ಲಾಪುರದ ದಾರಿ ಹಿಡಿದು ಮುಂಬೈಗೆ ಲಾರಿಯಲ್ಲಿ, ಅಲ್ಲಿಂದ ಹಡಗಿನಲ್ಲಿ ಕಳಿಸಿದ್ದರು. ಅಲ್ಲಿ ಬಿಚ್ಚಿದಾಗ ಪ್ಯಾನಲ್‌ನ, ಅಂದರೆ ಪರದೆಯ, ಮೂಲೆಯಿಂದ ಬಿರುಕು. ಫೋಟೋ ಕಳಿಸಿ ‘ಏನಾದರೂ ಮಾಡಬಹುದಾ ಅಣ್ಣಾ’ ಅಂದರು. ಒಡೆದ ಪ್ಯಾನಲ್ ರಿಪೇರಿ ಆಗುವುದಿಲ್ಲ. ಬದಲಿಸಬೇಕಂದರೆ ಹೆಚ್ಚುಕಡಿಮೆ ಹೊಸ ಟಿವಿಯ ದುಡ್ಡು. ನನಗೆ ಬಹಳ ಕೆಟ್ಟ ಅನಿಸಿತು. ಇಲ್ಲಿಯ ವಾರಂಟಿ ಕೂಡ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ.

ನಿಮ್ಮ ಅತ್ತೆ ಇಲ್ಲೇ ಇರುತ್ತಾರೆ, ಅವರ ಕೋಣೆಯಲ್ಲಿ ಹಳೆಯ 24 ಇಂಚಿನದು ಇದೆ ಅಂದಿರಲ್ಲ, ಈ ಟಿವಿ ಅವರಿಗೆ ಕೊಡಿ. ಸುಮ್ನೆ ಇಟ್ಟು ಹೋಗಬೇಡಿ. ಗೋಡೆಗೆ ಗಟ್ಟಿಯಾಗಿ ಕೂಡಿಸಿ, ಸ್ಟೆಬಿಲೈಜರ್ ಹಾಕಿಸಿ. ನಮ್ಮಲ್ಲಿ ಬೇಸಿಗೆಯಲ್ಲಿ ವೋಲ್ಟೇಜ್ ಜಾಸ್ತಿ ಏರಿಳಿಯುತ್ತದೆ. ಮೊಬೈಲಿನ ವಿಡಿಯೊ ಟಿವಿಗೆ ಹಾಕುವುದನ್ನು ಅತ್ತೆಗೆ ಈಗಿನಿಂದಲೇ ಕಲಿಸಿ. ಒಂದೇ ದಿನದಲ್ಲಿ ಬರುವುದಿಲ್ಲ, ಹೋಗುವ ತನಕ ದಿನಾ ಅವರ ಕೈಯಿಂದಲೇ ಮಾಡಿಸಿ. ಮೊಮ್ಮಕ್ಕಳ ವಿಡಿಯೊ ಅವರೇ ಹಾಕಿಕೊಂಡು ದೊಡ್ಡದಾಗಿ ನೋಡುತ್ತಾರೆ.