ಸಂಘ ದೊಡ್ಡದಾದರೆ ಜೀವಕೋಶದ ಹಾಗೆ ಒಡೆಯಬೇಕಾ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಹವ್ಯಾಸಿ ಯಕ್ಷಗಾನ ಸಂಘ ಇದೆ. ಮೊದಲು 12 ಜನ ಇದ್ದೆವು, ಈಗ 60. ಹಿಮ್ಮೇಳದ ತರಗತಿ, ತಾಳಮದ್ದಳೆ, ವರ್ಷಕ್ಕೊಂದು ಆಟ ಎಲ್ಲ ನಡೆಯುತ್ತದೆ. ಆದರೆ ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಕಳೆದ ಸಲ ಭಾಗವತರಿಗೆ ಶನಿವಾರ ಎಂದಿದ್ದರು, ವೇಷಭೂಷಣದವರಿಗೆ ಭಾನುವಾರ! ನಮ್ಮಲ್ಲಿ ವಿಜ್ಞಾನದ ಮಾಷ್ಟ್ರೊಬ್ಬರಿದ್ದಾರೆ. “ಜೀವಕೋಶ ಬೆಳೆದ ಮೇಲೆ ಎರಡಾಗುತ್ತದೆ, ನಾವೂ ಎರಡು ಸಂಘ ಆಗೋಣ” ಎನ್ನುತ್ತಾರೆ. ಇದರಲ್ಲಿ ಹುರುಳಿದೆಯಾ, ಸುಮ್ನೆ ಮಾತಿಗೆ ಹೇಳುವುದಾ?

ಉತ್ತರ: ಮಾಷ್ಟ್ರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನೇ ನೋಡೋಣ.

ಜೀವಕೋಶದೊಳಗೆ ಆಮ್ಲಜನಕವನ್ನು ಯಾರೂ ಹೊತ್ತು ಸಾಗಿಸುವುದಿಲ್ಲ. ಅದರ ಕಣಗಳು ಅತ್ತಿತ್ತ ಡಿಕ್ಕಿ ಹೊಡೆಯುತ್ತ ತಾವೇ ಹರಡುತ್ತವೆ. ಹತ್ತಿರಕ್ಕಾದರೆ ಇದು ಬಲು ಬೇಗ. ನೀರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗ ದಾಟಲು ಅರೆ ಸೆಕೆಂಡೂ ಬೇಡ. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ. ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ! ದೂರ 10 ಪಟ್ಟಾದರೆ ಸಮಯ 100 ಪಟ್ಟು. ಜೀವಕೋಶ ಸಣ್ಣದಾಗಿಯೇ ಉಳಿಯಲು ಇದೊಂದು ದೊಡ್ಡ ಕಾರಣ.

12 ಜನರ ಸಂಘದಲ್ಲಿ ಸುದ್ದಿಯೂ ಹೀಗೇ ಹರಡುತ್ತದೆ. ಚಾ ಕುಡಿಯುವಾಗ ಒಮ್ಮೆ ಹೇಳಿದರೆ ಮುಗಿಯಿತು. ಇಬ್ಬಿಬ್ಬರ ಜೋಡಿ ಲೆಕ್ಕ ಹಾಕಿ: 12 ಜನರಲ್ಲಿ 66 ಜೋಡಿ, 60 ಜನರಲ್ಲಿ 1770. ಜನ 5 ಪಟ್ಟಾದರು, ಜೋಡಿ ಸುಮಾರು 27 ಪಟ್ಟಾಯಿತು. ಈಗಲೂ ಚಾದ ಹೊತ್ತಿನ ಮಾತನ್ನೇ ನಂಬಿ ಕೂತರೆ ಶನಿವಾರ ಭಾನುವಾರ ಆಗದೆ ಇರುತ್ತದಾ? ಅದಕ್ಕೆ ಕಾರ್ಯದರ್ಶಿಯನ್ನು ಬೈದು ಪ್ರಯೋಜನ ಇಲ್ಲ.

ಇನ್ನು ಮಾಷ್ಟ್ರು ಬಿಟ್ಟ ಅರ್ಧ. ಆನೆ ಬೆಳೆದು ಎರಡು ಆನೆ ಆಗುವುದಿಲ್ಲ, ಅಲ್ವಾ? ಆನೆಯ ಹೆಚ್ಚಿನ ಜೀವಕೋಶಗಳೂ ಇಲಿಯವೂ ಹೆಚ್ಚುಕಡಿಮೆ ಒಂದೇ ಗಾತ್ರ. ಆನೆಯಲ್ಲಿ ಅವುಗಳ ಸಂಖ್ಯೆ ಜಾಸ್ತಿ, ಅಷ್ಟೆ. ಅಷ್ಟು ದೊಡ್ಡ ಮೈಯನ್ನು ನಡೆಸುವುದು ರಕ್ತನಾಳಗಳು. ಉದ್ದ ದಾರಿಯೆಲ್ಲ ರಕ್ತದ ಪಾಲು, ಕೊನೆಯ ಕೂದಲೆಳೆಯಷ್ಟು ದೂರ ಮಾತ್ರ ಆಮ್ಲಜನಕ ತಾನೇ ಹರಡಿ ಹೋಗುತ್ತದೆ.

ನೀವೂ ಹಾಗೇ ಮಾಡಬಹುದು. ಹಿಮ್ಮೇಳ, ವೇಷ, ಲೆಕ್ಕಪತ್ರ, ಊಟ ಎಂದು ಏಳೆಂಟು ಜನರ ಗುಂಪುಗಳಿರಲಿ. ಒಂದೊಂದು ಗುಂಪಿನಿಂದ ಸುದ್ದಿ ತರಲು, ಒಯ್ಯಲು ಒಬ್ಬರನ್ನು ಗೊತ್ತು ಮಾಡಿ. ದಿನ, ಜಾಗ, ಪ್ರಸಂಗ ಒಂದೇ ಪುಸ್ತಕದಲ್ಲಿ ಬರೆದಿಡಿ. 60 ಜನರ ವಾಟ್ಸಾಪ್ ಗುಂಪನ್ನು ಮಾತ್ರ ರಕ್ತನಾಳ ಎಂದುಕೊಳ್ಳಬೇಡಿ. ಶುಭೋದಯದ ಹೂಗಳ ನಡುವೆ ತಾರೀಕು ಹುಡುಕುವ ಕಷ್ಟ ಎಲ್ಲರಿಗೂ ಗೊತ್ತಿದೆ.

ನಾಳ ಒಂದೇ ಇದ್ದರೂ ಅಪಾಯ. ಅಂಗೈಗೆ ಎರಡು ಅಪಧಮನಿಗಳು ರಕ್ತ ತರುತ್ತವೆ, ಒಳಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದು ಕಟ್ಟಿದರೂ ಸಾಮಾನ್ಯವಾಗಿ ಇನ್ನೊಂದು ಸುಧಾರಿಸಿಕೊಳ್ಳುತ್ತದೆ. ಕಣ್ಣಿನ ಅಕ್ಷಿಪಟಲದ ಒಳಪದರಕ್ಕೆ ಮುಖ್ಯ ಅಪಧಮನಿ ಒಂದೇ. ಅದು ಕಟ್ಟಿದರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು. ನಮ್ಮ ಕಾಸರಗೋಡಿನ ಕನ್ನಡ ಸಂಘಗಳಲ್ಲಿ ಮಲಯಾಳದ ಸರ್ಕಾರಿ ಕಾಗದ ಓದಿ ಉತ್ತರ ಬರೆಯಬಲ್ಲವರು ಎಷ್ಟೋ ಕಡೆ ಒಬ್ಬರೇ ಇರುತ್ತಾರೆ. ಮೈಕಿನ ಅನುಮತಿಗೆ ಅರ್ಜಿ ಬರೆಯುವವರೂ ಅವರೇ. ಅವರು ಮಗನ ಮನೆಗೆಂದು ದುಬೈಗೆ ಹೋದರೆ ಎಂತ ಮಾಡುತ್ತೀರಿ? ಇನ್ನೊಬ್ಬರನ್ನು ಈಗಿಂದಲೇ ಅವರ ಪಕ್ಕ ಕೂರಿಸಿ.

ಎರಡಾಗಲೇಬೇಕು ಎಂದಾದರೆ ಜೀವಕೋಶದ ಕ್ರಮವನ್ನು ಪೂರ್ತಿ ಪಾಲಿಸಿ. ಅದು ಮೊದಲು ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ, ಆಮೇಲೆ ಬೇರೆಯಾಗುತ್ತದೆ. ನಿಮ್ಮಲ್ಲಿ ರಾತ್ರಿಯಿಡೀ ಆಟ ನಡೆಸಬಲ್ಲ ಭಾಗವತರು ಎಷ್ಟು ಜನ? ಒಬ್ಬರೇ ಆದರೆ ಎರಡನೇ ಸಂಘಕ್ಕೆ ಬೋರ್ಡು ಮಾತ್ರ ಉಳಿದೀತು.

ಹೋಲಿಕೆ ಇಲ್ಲಿವರೆಗೆ ಎಳೆಯಬಹುದು. ಆಮ್ಲಜನಕಕ್ಕೆ ಮುನಿಸು ಬರುವುದಿಲ್ಲ, ಅದು ಸುದ್ದಿ ಬಚ್ಚಿಡುವುದೂ ಇಲ್ಲ. ಹಾಗಾಗಿ ಮಾಷ್ಟ್ರಲ್ಲೇ ನೇರವಾಗಿ ಕೇಳಿ: ಎರಡಾಗೋಣ ಎನ್ನುವುದರ ಹಿಂದೆ ಪಾತ್ರ ಹಂಚಿಕೆಯ ಬೇಸರ ಏನಾದರೂ ಇದೆಯಾ? ಕರ್ಣ ಯಾರಿಗೆ, ಅರ್ಜುನ ಯಾರಿಗೆ ಎಂಬ ತಕರಾರೇ ಆಗಿದ್ದರೆ ಮುಂದಿನ ಪ್ರಸಂಗ ನಿಗದಿ ಮಾಡುವ ಮೊದಲು ಕೂತು ಮುಗಿಸಿಕೊಳ್ಳಿ.