ಪ್ರತಿಕ್ರಿಯೆ: ಕೋಹಾ ಇರುವಾಗ ವರ್ಗೀಕರಣದ ಕಲಿಕೆ ಏಕೆ?

ಚಿತ್ರದುರ್ಗದಿಂದ ಬರೆದಿರುವ ತಾವು, ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ತರಗತಿಯಲ್ಲಿ ಗ್ರಂಥಾಲಯದ ಪುಸ್ತಕಗಳ ದಾಖಲೆ, ಎರವಲು ಮುಂತಾದವನ್ನು ನಿರ್ವಹಿಸುವ ಕೋಹಾ ತಂತ್ರಾಂಶವನ್ನು ಕಲಿಸುತ್ತಿರುವಾಗ, ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣವನ್ನು ಕೈಯಾರೆ ಮಾಡಿಸುವುದೇಕೆ ಎಂದು ಕೇಳಿದ್ದೀರಿ. ದಾವಣಗೆರೆಯ ಕಾಲೇಜೊಂದರ ಗ್ರಂಥಪಾಲಕಿಯಾಗಿ ಹೇಳುತ್ತೇನೆ, ಆ ಶ್ರಮ ವ್ಯರ್ಥವಲ್ಲ. 2000ದಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ಬಳಕೆಗೆ ಬಂದ ಈ ಮುಕ್ತ ತಂತ್ರಾಂಶವು ಬೇರೆ ಗ್ರಂಥಾಲಯಗಳ ಮಾರ್ಕ್ ದಾಖಲೆಗಳನ್ನು (ಕಂಪ್ಯೂಟರ್ ಓದಬಲ್ಲ ರೂಪದಲ್ಲಿರುವ ಪುಸ್ತಕ ವಿವರಗಳನ್ನು) ಕ್ಷಣದಲ್ಲಿ ತಂದುಕೊಡುತ್ತದೆ ನಿಜ, ಆದರೆ ನಮ್ಮ ಕನ್ನಡ ಪುಸ್ತಕಗಳಿಗೆ ಸಿದ್ಧ ದಾಖಲೆ ಸಿಗದಿರುವುದೇ ಹೆಚ್ಚು. ಮೊನ್ನೆ ದುರ್ಗದ ಪಾಳೆಯಗಾರರ ಇತಿಹಾಸದ ಪುಸ್ತಕವೊಂದು ಬಂದಾಗ, ಕರ್ನಾಟಕಕ್ಕೆ ಸಲ್ಲುವ 954.87 ಎಂಬ ಸಂಖ್ಯೆಯನ್ನು ನಾನೇ ನಿರ್ಧರಿಸಿ ದಾಖಲೆಯಲ್ಲಿ ಡ್ಯೂಯಿ ಸಂಖ್ಯೆಗೆಂದೇ ಇರುವ 082ನೇ ಕ್ಷೇತ್ರದಲ್ಲಿ ತುಂಬಬೇಕಾಯಿತು. ಸಂಖ್ಯೆಯಷ್ಟೇ ಅಲ್ಲ, ಹೆಸರುಗಳಲ್ಲೂ ಏಕರೂಪತೆ ಬೇಕು: ಊರ ಹೆಸರನ್ನು ಒಬ್ಬರು ಚಿತ್ರದುರ್ಗವೆಂದೂ ಇನ್ನೊಬ್ಬರು ಚಿತ್ತಲದುರ್ಗವೆಂದೂ ದಾಖಲಿಸಿದರೆ, ಹುಡುಕುವ ವಿದ್ಯಾರ್ಥಿಗೆ ಕಪಾಟಿನಲ್ಲಿರುವ ಪುಸ್ತಕವೂ ಕಾಣುವುದಿಲ್ಲ. ದಯವಿಟ್ಟು ಕೋಹಾವನ್ನು ತಮ್ಮ ಕಂಪ್ಯೂಟರಿನಲ್ಲೇ ಅಳವಡಿಸಿಕೊಂಡು, ಮನೆಯಲ್ಲಿರುವ ಹತ್ತು ಕನ್ನಡ ಪುಸ್ತಕಗಳಿಗೆ ದಾಖಲೆ ಸಿದ್ಧಪಡಿಸಿ ನೋಡಿ.